ನೀಲಿ ದಾರ ಕಟ್ಟಿದ ಸುರುಳಿ

ಫೆಬ್ರುವರಿ ೪

ಪ್ರೀತಿಯ ಗೊಣ್ಣೆ,

ಹೋದ ಸಲದ್ದು ಬೇವು ಅಂತ ಸರಿಯಾಗಿ ಹೇಳಿದ್ದೀಯ. ಮರದ ವ್ಯಾಪಾರಿಗಳೂ ಒಂದು ಗಳಿಗೆ ಯೋಚಿಸುವ ತುಂಡು ಅದು. ಚಿಕ್ಕವಳಿದ್ದಾಗ ತೋಳಿನಲ್ಲಿ ಮೂಗು ಒರೆಸಿಕೊಂಡೇ ಬೆಳೆದವಳ ಮೂಗು ಇಷ್ಟು ಚುರುಕಾಗುತ್ತದೆ ಅಂತ ಯಾರು ಅಂದುಕೊಂಡಿದ್ದರು! ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರನ್ನು ಮೂಗಿನಲ್ಲಿ ಕೂಗುವ ಬದಲು ನನ್ನ ಮರಗೆಲಸದ ಅಂಗಡಿಗೆ ಬಂದಿದ್ದರೆ ಇಷ್ಟು ಹೊತ್ತಿಗೆ ನೀನೇ ಯಜಮಾನಿ.

ಫೋನ್ ಮಾಡು ಅಂತ ಮತ್ತೆ ಬರೆದಿದ್ದೀಯ. ಗರಗಸದ ಮಷೀನಿನ ಪಕ್ಕ ಇಷ್ಟು ವರ್ಷ ನಿಂತವನ ಕಿವಿಗೆ ಫೋನಿನಲ್ಲಿ ಏನು ಕೇಳಿಸುತ್ತದೆ? ಅದೂ ಅಲ್ಲದೆ, ಫೋನಿನಲ್ಲಿ ಮರ ಕಳಿಸಲು ಬರುತ್ತದೆಯೇ? ಈ ಕಾಗದದ ಮಡಿಕೆಯಲ್ಲೂ ಮರ ಹೆರೆಯುವ ಹತ್ತರಿಯಿಂದ ಎದ್ದ ಒಂದು ಸುರುಳಿ ಇದೆ. ಎಂದಿನ ಹಾಗೆ ಹೆಸರು ಬರೆದಿಲ್ಲ. ಮೂಸಿ ನೋಡಿ ಹೇಳು.

ಒಂದು ಒಳ್ಳೆಯ ಕೆಲಸ ಬಂದಿದೆ. ನಿವೃತ್ತರಾದ ಹೆಡ್‌ಮಿಸ್ ಒಬ್ಬರು ತಮ್ಮ ತಾಯಿಯ ಬಟ್ಟೆ ಪೆಟ್ಟಿಗೆ ತಂದಿದ್ದಾರೆ. ಪೂರ್ತಿ ದೇವದಾರು, ನಮ್ಮ ಅಮ್ಮ ಉಣ್ಣೆ ಬಟ್ಟೆ ಇಡುತ್ತಿದ್ದ ಪೆಟ್ಟಿಗೆಯ ಹಾಗೆಯೇ. ಮುಚ್ಚಳದ ಹಲಗೆ ಸೀಳಿಹೋಗಿದೆ, ಉಳಿದ ಹಲಗೆಗಳಲ್ಲಿ ವಾಸನೆ ಅಡಗಿಹೋಗಿದೆ. "ಅದೇ ಮರ ಹಾಕಿಕೊಡಪ್ಪ. ಮುಚ್ಚಳ ತೆಗೆದ್ರೆ ಅಮ್ಮ ಇದ್ದಾಗ ಬರ್ತಿತ್ತಲ್ಲ, ಆ ವಾಸನೆ ಬರಬೇಕು. ನನಗೆ ಬೇರೇನೂ ಬೇಡ" ಅಂದರು. ಆ ಮಾತು ನನಗೆ ತುಂಬ ಹಿಡಿಸಿತು.

ಅಂದ ಹಾಗೆ, ಒಂದು ನೆಗಡಿ ಹಿಡಿದುಕೊಂಡಿದೆ, ಬಿಡುವ ಲಕ್ಷಣವಿಲ್ಲ. ಅದೂ ಬಲಗಡೆಗೆ ಮಾತ್ರ. ಎಡ ಹೊಳ್ಳೆ ಆರಾಮಾಗಿದೆ, ಬಲ ಹೊಳ್ಳೆಗೆ ಯಾರೋ ಬೆಣೆ ಹೊಡೆದ ಹಾಗಿದೆ. ನನ್ನ ಗೊರಕೆಗೆ ನಿನ್ನ ಅತ್ತಿಗೆ ಹಾಸಿಗೆ ಎತ್ತಿಕೊಂಡು ನಡುಮನೆಗೆ ಹೋಗಿದ್ದಾಳೆ.

ಅಣ್ಣ


ಫೆಬ್ರುವರಿ ೧೩

ಅಣ್ಣ,

ತೇಗ! ಇದನ್ನು ಕೇಳಲು ನಿನಗೆ ನಾಚಿಕೆಯಾಗಬೇಕು. ಹೊಲಿಗೆ ಮಷೀನಿನ ಎಣ್ಣೆ ಬಿದ್ದ ಚರ್ಮದ ಚೀಲದ ವಾಸನೆ, ಬೇರೆ ಯಾವ ಮರಕ್ಕಿದೆ?

ನಿನ್ನ ನೆಗಡಿಗೆ ಇಷ್ಟು ರಂಪ ಮಾಡಬೇಡ. ನನ್ನ ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಅಂತ ಇಲ್ಲಿಯ ಕಿವಿ ಮೂಗಿನ ಡಾಕ್ಟರು ಯಾವತ್ತೋ ಹೇಳಿದ್ದಾರೆ. ನಿನಗೆ ಹೇಳಿರಲಿಲ್ಲ, ನೀನು ಅದಕ್ಕೂ ಒಂದು ಅಡ್ಡಹೆಸರು ಇಡುತ್ತೀಯ ಅಂತ. ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಎರಡೂ ಕಡೆ ಗೊಂಚಲಾಗಿ ಇಳಿಬಿದ್ದಿದೆಯಂತೆ. ಕೆಟ್ಟದ್ದೇನಲ್ಲ, ಆದರೆ ಆಪರೇಷನ್ ಮಾಡಿಸಿಕೊಳ್ಳಿ ಅಂದರು. ನಾನು ಆಗಲಿ ಆಗಲಿ ಅನ್ನುತ್ತಾ ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಿಲ್ಲ. ಮೂಗಿನೊಳಗೆ ಕತ್ತರಿ ಹಾಕುತ್ತಾರೆ ಅಂದರೆ ನನಗೆ ಹೆದರಿಕೆ.

ಅಪ್ಪನಿಗೂ ಇತ್ತು, ನೆನಪಿದೆಯಾ, ಬಾಯಿ ತೆರೆದುಕೊಂಡೇ ಪೇಪರ್ ಓದುತ್ತಿದ್ದರು. ನಿನ್ನದೂ ಅದೇ. ಅಪ್ಪನ ಆಸ್ತಿಯಲ್ಲಿ ನಿನ್ನ ಪಾಲು ಈಗ ಬಂತು ಅಂದುಕೋ. ಉಗುರುಬೆಚ್ಚಗಿನ ಉಪ್ಪು ನೀರಿನಲ್ಲಿ ಮೂಗು ತೊಳೆದುಕೊಳ್ಳುತ್ತಿರು. ಡಾಕ್ಟರ ಹತ್ತಿರ ಓಡಬೇಡ, ಹೋದವರನ್ನು ಅವರು ಸುಮ್ಮನೆ ಕಳಿಸುವುದಿಲ್ಲ.

ಹೆಡ್‌ಮಿಸ್ ಪೆಟ್ಟಿಗೆ ಏನಾಯಿತು, ಬರೆ.

ನಿನ್ನ ಗೊಣ್ಣೆ


ಮಾರ್ಚ್ ೯

ಗೊಣ್ಣೆ,

ದುರ್ಮಾಂಸ ಅಂತ ನೀನು ಬರೆದ ಮೇಲೆ ಮನಸ್ಸು ಹಗುರಾಯಿತು. ನಿನ್ನ ಅತ್ತಿಗೆ ದಿನಾ ಡಾಕ್ಟರು ಡಾಕ್ಟರು ಅಂತ ಜಪ ಮಾಡುತ್ತಿದ್ದಳು. ನಿನ್ನ ಕಾಗದ ತೋರಿಸಿ ಬಾಯಿ ಮುಚ್ಚಿಸಿದೆ. ಉಪ್ಪು ನೀರು ಹಾಕುತ್ತಿದ್ದೇನೆ. ಎಡಗಡೆಯಿಂದ ಹಾಕಿದ್ದು ಬಲಗಡೆಯಿಂದ ಬರುವುದಿಲ್ಲ, ಬಾಯಿಗೇ ಬರುತ್ತದೆ.

ಈಗ ಕರ್ಚೀಫಿನ ಮೇಲೆ ನಮ್ಮಿಬ್ಬರ ಜಗಳ. ಸೀನಿದಾಗ ಕೆಂಪಗೆ ಬಂದದ್ದು ರಕ್ತ ಅಂತ ಅವಳು, ಬೀಟೆ ಮರದ ಹೊಟ್ಟು ಅಂತ ನಾನು. ಬೀಟೆ ಕೊಯ್ದ ದಿನ ನಾನು ಉಗುಳಿದ್ದೂ ಕೆಂಪಗೇ ಇರುತ್ತದೆ. ಮರ ಕೊಯ್ಯುವವನ ಬಟ್ಟೆ ನೋಡಿ ಹೆದರುವವಳು ಇಷ್ಟು ವರ್ಷ ಹೇಗೆ ಸಂಸಾರ ಮಾಡಿದಳೋ!

ಪೆಟ್ಟಿಗೆ ಮುಗಿಯಿತು. ಹಳೆಯ ಮನೆಯೊಂದನ್ನು ಒಡೆದ ಕಡೆ ಬಣ್ಣ ಮೆತ್ತಿದ ಹಲಗೆ ಸಿಕ್ಕಿತು. ಕೆರೆದು ನೋಡಿದರೆ ದೇವದಾರು. ಹತ್ತರಿ ಹೊಡೆಯುವಾಗ ಅಮ್ಮನ ಪೆಟ್ಟಿಗೆಯ ನೆನಪು ಬಂದು, ಒಂದು ಸುರುಳಿ ಎತ್ತಿ ನಿನಗೆ ಅಂತ ಜೇಬಿಗೆ ಹಾಕಿಕೊಂಡೆ. ಅದಕ್ಕೇ ಈ ಸಲ ಪರೀಕ್ಷೆಯಿಲ್ಲ. ಹೆಸರು ಹೇಳಿಯೇ ಕಳಿಸುತ್ತಿದ್ದೇನೆ. ನೀನೂ ಮೂಸಿ ನೋಡು, ಅಮ್ಮ ನೆನಪಾಗಲಿ.

ಅಣ್ಣ


ಮಾರ್ಚ್ ೧೭

ಅಣ್ಣ,

ಕಳ್ಳ! ದೇವದಾರಂತೆ, ಅಮ್ಮನ ನೆನಪಂತೆ! ಇದು ದೇವದಾರಾದರೆ ನಾನು ಮಹಾರಾಣಿ. ಪೈನ್ ಮರದ ಸುರುಳಿ ಕಳಿಸಿ, ಮೇಲೆ ಅಮ್ಮನ ಹೆಸರು ಬೇರೆ ಹಾಕಿ, ನಾನು ಕಣ್ಣೀರು ಒರೆಸಿಕೊಂಡು 'ಹೌದಣ್ಣ' ಅಂತ ಬರೆಯುತ್ತೇನೆ ಅಂದುಕೊಂಡೆಯಾ? ನಿನ್ನ ಬಲೆಗೆ ನಾನು ಬೀಳಲಿಲ್ಲ. ಈ ವರ್ಷದ ಲೆಕ್ಕದಲ್ಲಿ ಇದು ನನ್ನ ಗೆಲುವು.

ನಿಜವಾದ ದೇವದಾರಿನ ಸುರುಳಿ ಮುಂದಿನ ಕಾಗದದಲ್ಲಿ ಬರಲಿ.

ಗೊಣ್ಣೆ ಮಹಾರಾಣಿ


ಏಪ್ರಿಲ್ ೬

ಅಣ್ಣ,

ನಿನ್ನಿಂದ ಒಂದು ಸಾಲಿಲ್ಲ. ಮೊದಲು ಸಿಟ್ಟು ಅಂದುಕೊಂಡೆ. ನಿನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅಷ್ಟೇ ಬೇಗ ಇಳಿಯುತ್ತದೆ. ಅತ್ತಿಗೆಗೆ ಫೋನ್ ಮಾಡಿದೆ. "ಚೆನ್ನಾಗಿದ್ದಾರಮ್ಮ, ಕೆಲಸ ಜಾಸ್ತಿ" ಅಂದರು. ಅವರು ಯಾವತ್ತೂ ನನಗೆ 'ಅಮ್ಮ' ಸೇರಿಸಿ ಮಾತಾಡಿದವರಲ್ಲ. ನೀನು ಪಕ್ಕದಲ್ಲೇ ನಿಂತಿದ್ದೆ ಅಂತ ಗೊತ್ತಾಯಿತು.

ಈಗ ಬರೆಯುವುದನ್ನು ಕೂತುಕೊಂಡು ಓದು. ನನಗೆ ವಾಸನೆ ಬರುವುದಿಲ್ಲ. ಬರದೆ ವರ್ಷಗಳೇ ಆದವು. ನಿನ್ನ ಸುರುಳಿಗಳನ್ನು ಮೂಸುತ್ತಿದ್ದವರು ನಮ್ಮ ಎದುರು ಮನೆಯ ಟೈಲರಮ್ಮ. ಅವರ ತಂದೆಗೆ ಟಿಂಬರ್ ಡಿಪೋ ಇತ್ತು, ಮರದ ರಾಶಿಯ ಮೇಲೆ ಆಡಿ ಬೆಳೆದವರು. ನಿನ್ನ ಕಾಗದ ಬಂತೆಂದರೆ ಹೊಲಿಗೆ ನಿಲ್ಲಿಸಿ, ಕನ್ನಡಕ ತೆಗೆದು, ಕಣ್ಣು ಮುಚ್ಚಿಕೊಂಡು ಮೂಸುತ್ತಿದ್ದರು. ನಿನ್ನ ಆಟ ಕೆಡಿಸಲು ನನಗೆ ಮನಸ್ಸು ಬರಲಿಲ್ಲ, ಅಷ್ಟೇ.

ದೇವದಾರು ಅಂದದ್ದು ಪೈನ್ ಅಂತ ಹೇಳಿದವರೂ ಅವರೇ. ನಾನು ನಿನ್ನ ತಮಾಷೆ ಅಂತ ನಕ್ಕೆ. ಅವರು ನಗಲಿಲ್ಲ. ನಿನ್ನೆ ಬಟ್ಟೆಗೆ ಗುಂಡಿ ಹಾಕುತ್ತಾ ಇದ್ದಕ್ಕಿದ್ದಂತೆ ಅಂದರು: "ನಿಮ್ಮಣ್ಣ ಯಾವತ್ತೂ ಹೆಸರು ಬರೆಯೋರಲ್ಲ. ಈ ಸಲ ಯಾಕೆ ಬರೆದ್ರು? ತಮಾಷೆಗೆ ಅಮ್ಮನ ಹೆಸರು ಎತ್ತೋ ಮನುಷ್ಯನಾ ಅವರು? ಅಲ್ಲ ಕಣೇ, ಅವರಿಗೆ ವಾಸನೆ ಬರ್ತಾ ಇಲ್ಲ."

ಇವತ್ತು ನಾನು ಬಸ್ ನಿಲ್ದಾಣದಿಂದ ನೇರವಾಗಿ ನನ್ನ ಡಾಕ್ಟರ ಹತ್ತಿರ ಹೋದೆ. ನನ್ನ ಮೂಗಿಗಲ್ಲ, ನಿನ್ನ ಮೂಗಿಗೆ. ಎಲ್ಲ ಹೇಳಿದೆ. "ಎರಡೂ ಕಡೆ ಕಟ್ಟಿದ್ರೆ ಸಾಮಾನ್ಯವಾಗಿ ನಿಮ್ಮ ಥರದ್ದೇ. ಒಂದೇ ಕಡೆ ಕಟ್ಟಿ, ಅದ್ರಲ್ಲೂ ರಕ್ತ ಬಂದ್ರೆ ನೋಡದೆ ಬಿಡೋ ಹಾಗಿಲ್ಲ. ಏನು ಕೆಲಸ ಮಾಡ್ತಾರೆ?" ಅಂದರು. ಮರಗೆಲಸ ಅಂದೆ. ಅವರು ಪೆನ್ನು ಕೆಳಗಿಟ್ಟರು. ಗಟ್ಟಿ ಮರದ ಧೂಳು ಬಹಳ ವರ್ಷ ಮೂಗಿಗೆ ಹೋದವರಲ್ಲಿ ಅಪರೂಪಕ್ಕೆ ಮೂಗಿನ ಮೇಲ್ಭಾಗದಲ್ಲಿ ಗಡ್ಡೆ ಬೆಳೆಯುತ್ತದಂತೆ. "ಅಪರೂಪ, ಆದ್ರೆ ಮರಗೆಲಸದವರಲ್ಲಿ ಅಷ್ಟು ಅಪರೂಪ ಅಲ್ಲ. ಈ ವಾರವೇ ತೋರಿಸಲಿ" ಅಂದರು.

ನನ್ನದೂ ನಿನ್ನದೂ ಒಂದೇ ಅಂತ ನಾನು ಬರೆದದ್ದು ನಿನ್ನ ಮೂಗಿಗೆ ಸವರಿದ ತುಪ್ಪ. ನನ್ನ ಹೆದರಿಕೆಯನ್ನು ನಿನಗೂ ಅಂಟಿಸಿದೆ. ಈಗ ನನಗೆ ನಿಜವಾಗಿಯೂ ಭಯವಾಗುತ್ತಿದೆ ಅಣ್ಣ. ನಾಳೆಯೇ ಹೋಗು. ಹೋಗದಿದ್ದರೆ ಮೈಕ್ ಯಾರ ಕೈಗಾದರೂ ಕೊಟ್ಟು ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ.

ನಿನ್ನ ತಂಗಿ


ಏಪ್ರಿಲ್ ೧೪

ತಂಗಿ,

ಅಂದರೆ ಇಷ್ಟು ವರ್ಷ ನಾನು ಕಾಗದ ಬರೆದದ್ದು ಟೈಲರಮ್ಮನಿಗೆ! ಹೊಲಿಗೆ ಮಷೀನಿನ ಎಣ್ಣೆ ಅಂತ ಓದಿದಾಗಲೇ ನನಗೆ ಹೊಳೆಯಬೇಕಿತ್ತು. ನಿನ್ನ ಮನೆಯಲ್ಲಿ ಸೂಜಿಯೂ ಇರುವುದಿಲ್ಲ. ಅವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ಬೈಯಬೇಕು ಅಂತ ಪೆನ್ನು ಹಿಡಿದೆ, ಬೈಗುಳ ಬರುತ್ತಿಲ್ಲ.

ನಾನು ಯಾಕೆ ಬರೆಯಲಿಲ್ಲ ಅಂದರೆ, ನಿನ್ನ 'ಕಳ್ಳ' ಅನ್ನುವ ಕಾಗದ ಬಂದ ದಿನವೇ ಹೆಡ್‌ಮಿಸ್ ಪೆಟ್ಟಿಗೆ ಒಯ್ಯಲು ಬಂದಿದ್ದರು. ಮುಚ್ಚಳ ತೆಗೆದು ಬಗ್ಗಿದರು. ಹಲಗೆಯ ಒಳಮೈಗೆ ಮೂಗು ತಾಗಿಸಿದರು. "ಬೆಂಕಿಪೆಟ್ಟಿಗೆ ವಾಸನೆ ಬರ್ತಿದೆಯಲ್ಲಪ್ಪ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರಲಿ ಬಿಡು, ನಿನ್ನ ಹತ್ರಾನೇ ಇರಲಿ" ಅಂತ ಪೆಟ್ಟಿಗೆ ಬಿಟ್ಟು ಹೋದರು.

ಹತ್ತರಿ ಹೊಡೆಯುವಾಗ ನನಗೆ ದೇವದಾರಿನ ವಾಸನೆ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಇಷ್ಟು ವರ್ಷದ ಅಭ್ಯಾಸ, ಮರ ಕಣ್ಣಿಗೆ ಬಿದ್ದ ಕೂಡಲೇ ತಲೆಯೊಳಗೆ ತಾನಾಗಿ ವಾಸನೆ ಏಳುತ್ತದೆ. ಮೂಗು ಸತ್ತು ಎಷ್ಟು ಕಾಲವಾಯಿತೋ, ತಲೆ ಅದರ ಕೆಲಸ ತಾನೇ ಮಾಡಿಕೊಂಡು ನನಗೆ ಗೊತ್ತಾಗದ ಹಾಗೆ ನೋಡಿಕೊಂಡಿದೆ. ಆಮೇಲೆ ಅಂಗಡಿಯಲ್ಲಿದ್ದ ಮರವನ್ನೆಲ್ಲ ಕಣ್ಣು ಮುಚ್ಚಿ ಒಂದೊಂದಾಗಿ ಮೂಸಿದೆ. ಬೀಟೆ ಎಡಗಡೆಗೆ ಒಂದಿಷ್ಟು ಬಂತು. ಉಳಿದದ್ದು ಯಾವುದೂ ಇಲ್ಲ.

ಮರ ಗುರುತು ಹಿಡಿಯಲಾಗದ ಬಡಗಿ ಅಂತ ನಿನಗೆ ಬರೆಯುವುದು ಹೇಗೆ? ಅದಕ್ಕೇ ಸುಮ್ಮನಿದ್ದೆ.

ನಾಳೆ ಆಸ್ಪತ್ರೆಗೆ ಹೋಗುತ್ತೇನೆ. ನಿನ್ನ ಅತ್ತಿಗೆ ಈಗಲೇ ಸೀರೆ ಉಟ್ಟು ನಿಂತಿದ್ದಾಳೆ, ನಾನು ಮಾತು ಬದಲಾಯಿಸುತ್ತೇನೆ ಅಂತ.

ಅಣ್ಣ


ಮೇ ೨

ತಂಗಿ,

ತುದಿಯಲ್ಲಿ ದೀಪ ಇರುವ ಒಂದು ತೆಳ್ಳನೆಯ ನಳಿಗೆಯನ್ನು ಮೂಗಿನೊಳಗೆ ಬಿಟ್ಟು ನೋಡಿದರು. ನನ್ನ ಮುಖದ ಒಳಗನ್ನು ನಾನೇ ಟಿ.ವಿ.ಯಲ್ಲಿ ನೋಡಿದೆ. ಆಮೇಲೆ ಸ್ಕ್ಯಾನ್. ಮೂಗಿನ ಸುತ್ತ ಮೂಳೆಯೊಳಗೆ ಗಾಳಿ ತುಂಬಿದ ಪುಟ್ಟ ಪುಟ್ಟ ಗೂಡುಗಳಿರುತ್ತವೆ, ಅವನ್ನೇ ಸೈನಸ್ ಅನ್ನುವುದು ಅಂತ ಡಾಕ್ಟರಮ್ಮ ತೋರಿಸಿದರು. ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ಹಳೆಯ ಬೀರುವಿನ ಡ್ರಾಯರುಗಳ ಹಾಗೆ. ನನ್ನ ಮುಖದಲ್ಲಿ ಇಷ್ಟು ಡ್ರಾಯರುಗಳಿವೆ ಅಂತ ಗೊತ್ತೇ ಇರಲಿಲ್ಲ.

ಚೂರು ತೆಗೆದು ಪರೀಕ್ಷೆ ಮಾಡಿಸಿದರು. ದುರ್ಮಾಂಸ ಅಲ್ಲ. ಕ್ಯಾನ್ಸರ್. ಸಣ್ಣದೊಂದು ಗಡ್ಡೆ, ಅಷ್ಟೇ. ಮುಖ ಕೊಯ್ಯುವುದಿಲ್ಲ, ಮೂಗಿನ ದಾರಿಯಿಂದಲೇ ಹೋಗಿ ತೆಗೆಯುತ್ತೇವೆ, ಆಮೇಲೆ ಕಿರಣದ ಚಿಕಿತ್ಸೆ ಅನ್ನುತ್ತಾರೆ.

ಆದರೆ ಅದು ಕೂತಿರುವುದು ವಾಸನೆ ಹಿಡಿಯುವ ಜಾಗದಲ್ಲಿ. ಪೂರ್ತಿ ತೆಗೆದರೆ ಎಡಗಡೆ ಉಳಿದಿರುವ ಚೂರುಪಾರು ವಾಸನೆಯೂ ಹೋಗುತ್ತದೆ, ಮತ್ತೆ ಬರುವುದಿಲ್ಲ ಅಂತ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಬೀಟೆಯ ವಾಸನೆ ಇನ್ನೂ ಬರುತ್ತದೆ, ಒಂದು ಎಳೆಯಷ್ಟು. ಅದನ್ನೂ ಕೊಟ್ಟು ನಾನು ಏನು ಮಾಡಲಿ? ಮರದ ಮುಂದೆ ಕುರುಡನ ಹಾಗೆ ನಿಲ್ಲಲೇ? ನನಗೆ ಬೇರೆ ಕೆಲಸ ಬರುವುದಿಲ್ಲ. ಈ ವರ್ಷ ಒಂದು ಕಳೆಯಲಿ, ಒಪ್ಪಿಕೊಂಡ ಕೆಲಸಗಳು ಮುಗಿಯಲಿ, ಆಮೇಲೆ ನೋಡೋಣ ಅಂತ ಹೇಳಿ ಬಂದಿದ್ದೇನೆ.

ಅಣ್ಣ

(ಕಾಗದದ ಅಂಚಿನಲ್ಲಿ, ಬೇರೆ ಕೈಬರಹದಲ್ಲಿ)

ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾರೆ, ಓದಿದೆ. ಗಡ್ಡೆ ಸಣ್ಣದಲ್ಲ. ಕಣ್ಣಿನ ಪಕ್ಕದ ಮೂಳೆಯವರೆಗೆ ಬಂದಿದೆ. ಈಗಾದರೆ ಪೂರ್ತಿ ತೆಗೆಯಬಹುದು, ತಡ ಮಾಡಿದರೆ ಕಣ್ಣಿಗೆ, ಆಮೇಲೆ ಮೆದುಳಿಗೆ ಅಂದರು ಡಾಕ್ಟರಮ್ಮ. ನಿಮ್ಮಣ್ಣ ಅದನ್ನು ಬರೆದಿಲ್ಲ. ನನ್ನ ಮಾತು ಕೇಳುತ್ತಿಲ್ಲ, ನೀನಾದರೂ ಹೇಳು. — ಅತ್ತಿಗೆ


ಮೇ ೮

ಅಣ್ಣ,

ಅಂಚಿನಲ್ಲಿ ಇದ್ದದ್ದನ್ನೂ ಓದಿದೆ. ಅತ್ತಿಗೆಯ ಮೇಲೆ ಹಾರಾಡಬೇಡ.

ವಾಸನೆಯಿಲ್ಲದೆ ಬದುಕುವುದು ಹೇಗೆ ಅಂತ ನಿನಗೆ ಹೇಳುವ ಯೋಗ್ಯತೆ ನಿನ್ನ ಡಾಕ್ಟರಮ್ಮನಿಗೂ ಇಲ್ಲ, ನನಗಿದೆ. ಅದಕ್ಕೇ ಸುಳ್ಳು ಹೇಳುವುದಿಲ್ಲ. ಅದು ಸುಲಭವಲ್ಲ. ಹಾಲು ಸೀದು ಪಾತ್ರೆ ಕಪ್ಪಾದ ಮೇಲೆ ನನಗೆ ಗೊತ್ತಾಗುತ್ತದೆ. ಗ್ಯಾಸ್ ಸೋರುತ್ತಿದ್ದದ್ದನ್ನು ಒಂದು ಸಲ ಟೈಲರಮ್ಮ ಓಡಿಬಂದು ನಿಲ್ಲಿಸಿದರು. ನನ್ನ ಬಟ್ಟೆ ಬೆವರು ನಾರುತ್ತಿದೆಯೋ ಏನೋ ಅಂತ ಜನರ ಪಕ್ಕ ಕೂರುವಾಗಲೆಲ್ಲ ಅನುಮಾನ. ಊಟ ಹೊಟ್ಟೆ ತುಂಬಿಸುತ್ತದೆ, ಅಷ್ಟೇ.

ಅಮ್ಮ ಹೋದ ಮೇಲೆ ಅವಳ ಸ್ವೆಟರನ್ನು ನೀನು ನನ್ನ ಕೈಗೆ ಕೊಟ್ಟೆ. ಅದಕ್ಕೆ ಮುಖ ಒತ್ತಿಕೊಂಡು ನೀನು ಅತ್ತಿದ್ದೆ, ದೊಡ್ಡಮ್ಮ ಅತ್ತಿದ್ದಳು. ನಾನೂ ಒತ್ತಿದೆ. ಉಣ್ಣೆ ಚುಚ್ಚಿತು, ಇನ್ನೇನೂ ಬರಲಿಲ್ಲ. ನಾನು ಅತ್ತದ್ದು ಅದಕ್ಕೆ. ನೀವೆಲ್ಲ ಅಮ್ಮನಿಗಾಗಿ ಅಂದುಕೊಂಡಿರಿ.

ಇಷ್ಟೆಲ್ಲ ಇದ್ದೂ ನಾನು ಬದುಕಿದ್ದೇನೆ. ನಗುತ್ತೇನೆ, ಜಗಳವಾಡುತ್ತೇನೆ, ಕೊನೆಯ ಬಸ್ಸನ್ನು ಕೂಗಿ ಮನೆಗೆ ಬಂದು ನಿನ್ನ ಕಾಗದ ಬಂದಿದೆಯೇ ಅಂತ ಬಾಗಿಲ ಕೆಳಗೆ ನೋಡುತ್ತೇನೆ. ಒಂದು ಎಳೆ ಬೀಟೆ ವಾಸನೆ ನಿನಗೆ ದೊಡ್ಡದು ಅಂತ ನನಗೆ ಗೊತ್ತು. ಆದರೆ ಆ ಎಳೆ ಹಿಡಿದುಕೊಂಡು ನೀನು ಹೊರಟುಹೋದರೆ, ಬಾಗಿಲ ಕೆಳಗೆ ನಾನು ಏನು ಹುಡುಕಲಿ? ನನಗೆ ವಾಸನೆ ತಿಳಿಯದ ಅಣ್ಣ ಸಾಕು. ಅಣ್ಣನೇ ಇಲ್ಲದಿರುವುದು ಬೇಡ.

ಒಪ್ಪಂದ ಮಾಡಿಕೊಳ್ಳೋಣ. ನೀನು ಆ ಆಪರೇಷನ್ ಮೇಜಿನ ಮೇಲೆ ಮಲಗು. ನೀನು ಎದ್ದ ಮೇಲೆ ನಾನೂ ಮಲಗುತ್ತೇನೆ, ನನ್ನ ದ್ರಾಕ್ಷಿ ಗೊಂಚಲಿಗೆ. ಹೇಡಿ ಅಂತ ನೀನು ನನ್ನನ್ನು ಅನ್ನುವ ಹಾಗಿಲ್ಲ, ನಾನು ನಿನ್ನನ್ನು ಅನ್ನುವ ಹಾಗಿಲ್ಲ. ದಿನ ಗೊತ್ತು ಮಾಡಿ ಅತ್ತಿಗೆಯಿಂದ ಫೋನ್ ಮಾಡಿಸು. ರಜೆಗೆ ಬರೆದು ಕೊಟ್ಟಿದ್ದೇನೆ.

ಗೊಣ್ಣೆ


ಜುಲೈ ೨

ಗೊಣ್ಣೆ,

ನೀನು ಊರಿಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಆಸ್ಪತ್ರೆಯ ಮಂಚದ ಪಕ್ಕ ಕೂತು ನೀನು ನನ್ನ ಕಾಲು ಒತ್ತಿದ್ದು ನನಗೆ ಗೊತ್ತಿದೆ. ನಿದ್ದೆಯಲ್ಲಿದ್ದ ಹಾಗೆ ನಟಿಸಿದೆ, ಎಚ್ಚರ ಅಂತ ಗೊತ್ತಾದರೆ ನಿಲ್ಲಿಸಿಬಿಡುತ್ತೀಯ ಅಂತ.

ಮುಖ ಇದ್ದ ಹಾಗೇ ಇದೆ. ಚೆಲುವೇನೂ ಹೆಚ್ಚಲಿಲ್ಲ ಅಂತ ನಿನ್ನ ಅತ್ತಿಗೆ. ಗಡ್ಡೆ ಪೂರ್ತಿ ಬಂದಿದೆ, ಅಂಚುಗಳು ಶುದ್ಧವಾಗಿವೆ ಅಂತ ಪರೀಕ್ಷೆಯಲ್ಲಿ ಬಂತು. ಈಗ ಕಿರಣ ಕೊಡುತ್ತಿದ್ದಾರೆ. ಮುಖದ ಅಚ್ಚು ತೆಗೆದು ಜಾಲರಿಯ ಮುಖವಾಡ ಮಾಡಿ, ತಲೆ ಅಲ್ಲಾಡದ ಹಾಗೆ ಮೇಜಿಗೆ ಬಿಗಿಯುತ್ತಾರೆ. ಕೆಲಸ ಮಾಡಿದವನ ಕೈ ಚೆನ್ನಾಗಿದೆ, ಎಲ್ಲೂ ಕೂದಲೆಳೆಯಷ್ಟು ಸಂದಿಲ್ಲ. ಮೂಗಿನೊಳಗೆಲ್ಲ ಹಕ್ಕಳೆ. ಅದಕ್ಕೆ ಔಷಧ ಏನು ಗೊತ್ತೇ? ಉಪ್ಪು ನೀರು! ನಿನ್ನ ಮದ್ದು ಕೊನೆಗೂ ಕೆಲಸಕ್ಕೆ ಬಂತು.

ನಿನ್ನೆ ಸ್ವಲ್ಪ ಹೊತ್ತು ಅಂಗಡಿಗೆ ಹೋಗಿದ್ದೆ, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು. ಬೀಟೆಯ ತುಂಡಿಗೆ ಹತ್ತರಿ ಹೊಡೆದೆ. ಮಾಸ್ಕ್ ಇಳಿಸಿ ಮೂಸಿದೆ. ಏನೂ ಇಲ್ಲ. ಗೋಡೆ ಮೂಸಿದ ಹಾಗೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನಿನಗೆ ಬರೆಯಲು ನಾಚಿಕೆಯಿಲ್ಲ.

ಈಗ ನಿನ್ನ ಸರದಿ. ನಿನ್ನ ಆಪರೇಷನ್ ಆಗುವ ತನಕ ನನ್ನಿಂದ ಸುರುಳಿ ಇಲ್ಲ.

ಅಣ್ಣ


ಆಗಸ್ಟ್ ೨೧

ಅಣ್ಣ,

ಆಯಿತು. ಬದುಕಿದ್ದೇನೆ. ಗೊಂಚಲನ್ನು ಡಬ್ಬಿಯಲ್ಲಿ ಹಾಕಿ ತೋರಿಸಿದರು. ನಾನು ನೋಡಲಿಲ್ಲ, ಟೈಲರಮ್ಮ ನೋಡಿದರು. "ಇಷ್ಟೊಂದು ಸಾಮಾನು ಇಟ್ಕೊಂಡು ಹೇಗೆ ಉಸಿರಾಡ್ತಿದ್ಯೇ?" ಅಂದರು.

ಕೆಲಸಕ್ಕೆ ಹೋದ ಮೊದಲ ದಿನ ಏನಾಯಿತು ಕೇಳು. ಎರಡು ಬಸ್ ಕೂಗಿದ್ದೇನೆ, ಅಷ್ಟರಲ್ಲಿ ನಿಲ್ದಾಣದ ಅಧಿಕಾರಿ ಓಡಿ ಬಂದರು. "ಯಾರ್ರೀ ಇದು ಹೊಸಬರು? ನಮ್ಮ ಮೇಡಂ ಎಲ್ಲಿ?" ಅಂತ! ಕಟ್ಟಿಕೊಂಡಿದ್ದ ಮೂಗು ಬಿಚ್ಚಿದ ಮೇಲೆ ಧ್ವನಿಯೇ ಬದಲಾಗಿದೆ. ದಿನಾ ಬರುವ ಪ್ರಯಾಣಿಕರೊಬ್ಬರು, ಹಳೆಯ ಧ್ವನಿಯಾದರೆ ನಿದ್ದೆಯಲ್ಲೂ ಎಚ್ಚರವಾಗುತ್ತಿತ್ತು, ಇದು ಜೋಗುಳದ ಹಾಗಿದೆ ಅಂತ ದೂರು ಕೊಟ್ಟಿದ್ದಾರೆ.

ವಾಸನೆಯ ವಿಷಯ ನಿನಗೆ ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ನಮ್ಮಿಬ್ಬರ ನಡುವೆ ಇನ್ನು ಮುಚ್ಚಿಡುವುದು ಸಾಕು, ಅದಕ್ಕೇ ಬರೆಯುತ್ತೇನೆ. ಸ್ವಲ್ಪ ಸ್ವಲ್ಪ ಬರುತ್ತಿದೆ. ಮೊದಲು ಬಂದದ್ದು ಬಸ್ ನಿಲ್ದಾಣದ ಫಿನಾಯಿಲ್, ಅದರ ಹಿಂದೆ ಡೀಸೆಲ್. ಇಷ್ಟು ವರ್ಷ ಇಂಥ ಕಡೆ ಕೂತಿದ್ದೆನೇ ಅಂತ ಕೈಯಿಂದ ಮೂಗು ಮುಚ್ಚಿಕೊಂಡೆ. ಸಂತೋಷವೂ ಆಯಿತು. ಆಮೇಲೆ ನೀನು ಸ್ಟೂಲಿನ ಮೇಲೆ ಕೂತದ್ದು ನೆನಪಾಗಿ ಸಂತೋಷ ಪಡಲು ಆಗಲಿಲ್ಲ. ನಿನ್ನದನ್ನು ಕಿತ್ತು ನನಗೆ ಕೊಟ್ಟರೇನೋ ಅನ್ನಿಸಿತು.

ನಿನ್ನ ಗೊಣ್ಣೆ (ಈಗ ಹೆಸರಿಗೆ ಮಾತ್ರ)


ಸೆಪ್ಟೆಂಬರ್ ೧೦

ಗೊಣ್ಣೆ,

ಹೆಸರು ಬದಲಾಯಿಸುವುದಿಲ್ಲ, ಆಸೆ ಬಿಡು. ಕಿತ್ತು ಕೊಟ್ಟರಂತೆ! ಹಾಗಾದರೂ ಅದು ಮನೆಯಲ್ಲೇ ಉಳಿಯಿತಲ್ಲ, ಸಂತೋಷ ಪಡು.

ಕಿರಣ ಮುಗಿಯಿತು. ಮೊದಮೊದಲು ಆಗಾಗ ತೋರಿಸುತ್ತಿರಬೇಕಂತೆ, ವರ್ಷಗಟ್ಟಲೆ ಕಣ್ಣಿಟ್ಟಿರಬೇಕಂತೆ. ಅಂಗಡಿಗೆ ಧೂಳು ಹೀರುವ ಮಷೀನು ಬಂದಿದೆ, ಮಾಸ್ಕ್ ಇಲ್ಲದೆ ಗರಗಸ ಮುಟ್ಟುವುದಿಲ್ಲ.

ಈಗ ಒಂದು ಕೆಲಸ ನಿನಗೆ. ಹೆಡ್‌ಮಿಸ್ ಪೆಟ್ಟಿಗೆ ಇನ್ನೂ ನನ್ನ ಮೂಲೆಯಲ್ಲೇ ಕೂತಿದೆ. ಅದನ್ನು ಹಾಗೇ ಬಿಟ್ಟು ಬೇರೆ ಕೆಲಸ ಹಿಡಿಯಲು ನನಗೆ ಆಗುತ್ತಿಲ್ಲ. ಎರಡು ಹಳೆಯ ಹಲಗೆ ತಂದಿದ್ದೇನೆ. ಎರಡೂ ದೇವದಾರು ಅಂತ ಮಾರಿದವನ ಮಾತು, ನನಗೆ ಒಂದು ಮಾತ್ರ ಅನ್ನಿಸುತ್ತದೆ. ಯಾವುದು? ಬಿಳಿ ದಾರ ಕಟ್ಟಿದ ಸುರುಳಿಯದು ಅಂತ ಕಣ್ಣು ಹೇಳುತ್ತದೆ. ಆದರೆ ಹೋದ ಸಲವೂ ಹೇಳಿದ್ದು ಕಣ್ಣೇ. ನಿನ್ನ ಅತ್ತಿಗೆಗೆ ಮೂಸಿಸಿದೆ. "ಎರಡೂ ಮರದ ವಾಸನೆ" ಅಂದಳು. ಅವಳನ್ನು ಕಟ್ಟಿಕೊಂಡು ಇನ್ನೇನು ಮಾಡಲಿ.

ಒಂದಕ್ಕೆ ಬಿಳಿ ದಾರ, ಒಂದಕ್ಕೆ ನೀಲಿ ದಾರ ಕಟ್ಟಿ ಬೇರೆ ಬೇರೆ ಪೊಟ್ಟಣದಲ್ಲಿ ಇಟ್ಟಿದ್ದೇನೆ. ನೀನು ಯಾವುದು ಅನ್ನುತ್ತೀಯೋ ಅದನ್ನೇ ಹಾಕುತ್ತೇನೆ. ಇದು ಆಟವಲ್ಲ. ಈ ಸಲ ತಪ್ಪಿದರೆ ಹತ್ತರಿ ಗೋಡೆಗೆ ತೂಗುಹಾಕಿ ಅಂಗಡಿ ಮುಚ್ಚುತ್ತೇನೆ ಅಂತ ತೀರ್ಮಾನಿಸಿದ್ದೇನೆ.

ಅಣ್ಣ


ಸೆಪ್ಟೆಂಬರ್ ೧೬

ಅಣ್ಣ,

ಪೊಟ್ಟಣಗಳನ್ನು ಎದುರು ಮನೆಗೆ ಒಯ್ಯಲಿಲ್ಲ. ಬಾಗಿಲು ಹಾಕಿಕೊಂಡು, ಕೈ ತೊಳೆದು, ಮೇಜಿನ ಮುಂದೆ ಕೂತೆ. ಮರಗಳ ಹೆಸರು ಹೇಳುವಷ್ಟು ನನಗೆ ಗೊತ್ತಿಲ್ಲವಲ್ಲ ಅಣ್ಣ, ಇಷ್ಟು ವರ್ಷ ಉತ್ತೀರ್ಣಳಾದದ್ದು ಬೇರೆಯವರ ಮೂಗಿನಲ್ಲಿ.

ಬಿಳಿ ದಾರದ್ದನ್ನು ಮೊದಲು ತೆಗೆದೆ. ಸ್ವಲ್ಪ ಅಂಟಿನ ವಾಸನೆ, ಸ್ವಲ್ಪ ಹೊಸ ಬೆಂಚಿನದು. ಶಾಲೆಯ ಮೊದಲ ದಿನದ ಹಾಗೆ. ಚೆನ್ನಾಗಿಯೇ ಇತ್ತು. ಆದರೆ ನಾನು ಅಲ್ಲಿ ಯಾರನ್ನೂ ಕಾಣಲಿಲ್ಲ.

ಆಮೇಲೆ ನೀಲಿ ದಾರದ್ದು. ಪೊಟ್ಟಣ ಪೂರ್ತಿ ಬಿಚ್ಚಿರಲಿಲ್ಲ, ಮತ್ತೆ ಚಿಕ್ಕವಳಾಗಿಬಿಟ್ಟೆ. ಅಮ್ಮನ ಉಣ್ಣೆ ಪೆಟ್ಟಿಗೆಯೊಳಗೆ ನಾನು ಬಚ್ಚಿಟ್ಟುಕೊಂಡಿದ್ದೆ, ನೀನು ಮೇಲಿನಿಂದ ಮುಚ್ಚಳ ಹಾಕಿ ಅದರ ಮೇಲೆ ಕೂತಿದ್ದೆ. ಒಳಗೆ ಕತ್ತಲು. ಕಾರವಾಗಿ, ಸಿಹಿಯಾಗಿ, ಪೆನ್ಸಿಲ್ ಚೂಪು ಮಾಡಿದಾಗ ಬರುವುದಕ್ಕಿಂತ ಮೆತ್ತಗೆ, ಗಂಟಲ ತನಕ ಇಳಿಯುವ ಆ ವಾಸನೆ. ನಾನು ಕಿರುಚಿದ್ದಕ್ಕೆ ಅಮ್ಮ ಓಡಿಬಂದು ನಿನಗೆ ಬಾರಿಸಿ, ನನ್ನನ್ನು ಎತ್ತಿಕೊಂಡಾಗ ಅವಳ ಹೆಗಲಿನಲ್ಲೂ ಅದೇ ಇತ್ತು. ಸ್ವೆಟರಿನಲ್ಲಿ ನನಗೆ ಸಿಗದೇ ಹೋದದ್ದು ಇದೇ ಅಣ್ಣ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ, ಈ ಸಲ ಅಮ್ಮನಿಗಾಗಿಯೇ.

ನೀಲಿ ದಾರದ್ದು ದೇವದಾರು. ನಿನ್ನ ಕಣ್ಣು ಏನಾದರೂ ಹೇಳಲಿ, ನೀಲಿ ದಾರದ ಹಲಗೆ ಹಾಕು.

ಗೊಣ್ಣೆ


ಸೆಪ್ಟೆಂಬರ್ ೩೦

ಗೊಣ್ಣೆ,

ನೀಲಿ ದಾರದ ಹಲಗೆಯನ್ನೇ ಹಾಕಿದೆ. ಹಾಕುವಾಗ ಕೈ ಎರಡು ಸಲ ತಡೆಯಿತು, ಕಣ್ಣು ಬಿಳಿಯ ಕಡೆಗೇ ಎಳೆಯುತ್ತಿತ್ತು. ಕಣ್ಣಿಗೆ ಬೈದು ಮೊಳೆ ಹೊಡೆದೆ.

ಹೆಡ್‌ಮಿಸ್‌ಗೆ ಹೇಳಿ ಕಳಿಸಿದೆ. ಬರುವುದಿಲ್ಲ ಅಂದುಕೊಂಡಿದ್ದೆ, ನಿನ್ನೆ ಸಂಜೆ ಬಂದರು. ನಾನು ನನ್ನ ಕಾಯಿಲೆಯ ಕಥೆ ಹೇಳಲಿಲ್ಲ, ಮುಚ್ಚಳದಿಂದ ಕೈ ತೆಗೆದು ಪಕ್ಕಕ್ಕೆ ಸರಿದೆ. ಅವರು ಮುಚ್ಚಳ ಎತ್ತಿ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಕನ್ನಡಕ ಜಾರಿ ಪೆಟ್ಟಿಗೆಯೊಳಗೆ ಬಿತ್ತು, ಅದನ್ನೂ ಎತ್ತಿಕೊಳ್ಳಲಿಲ್ಲ. ಬಹಳ ಹೊತ್ತಾದ ಮೇಲೆ, ತಲೆ ಇನ್ನೂ ಒಳಗಿದ್ದ ಹಾಗೇ, "ಇದೇ ಕಣಪ್ಪ" ಅಂದರು.

ನನಗೆ ಏನೂ ಬರುತ್ತಿರಲಿಲ್ಲ. ಜೇಬಿನಿಂದ ನಿನ್ನ ಕಾಗದ ತೆಗೆದು, ಅವರ ಪಕ್ಕದಲ್ಲಿ ನಿಂತು, ವಾಸನೆ ಹೇಗಿದೆ ಅಂತ ನೀನು ಬರೆದದ್ದನ್ನು ಮೆಲ್ಲಗೆ ಓದಿಕೊಂಡೆ.

ಈ ಮಡಿಕೆಯಲ್ಲಿ ಒಂದು ಸುರುಳಿ ಇದೆ. ಯಾವ ಮರ ಅಂತ ನನಗೆ ಗೊತ್ತು, ಹೆಸರು ಬೇಡ. ಹೇಗಿದೆ ಅಂತ ಬರೆ.

ಅಣ್ಣ